ಇಪ್ಪತ್ತು ವರ್ಷದ ಕಲಂ, ಹತ್ತು ನಿಮಿಷದ ವಿಚಾರಣೆ: ಒಂದು ಪೋಕ್ಸೊ ಪ್ರಕರಣದ ಕಥೆ

ಈ ಪ್ರಕರಣದಲ್ಲಿ ನಾನು ಆರೋಪಿಯ ವಕೀಲ. ಆಗ ಬಡವರಿಗೆ ಉಚಿತವಾಗಿ ವಕೀಲರನ್ನು ಕೊಡುವ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್‌ನಲ್ಲಿದ್ದೆ, ಫೈಲು ಹಾಗೆ ನನ್ನ ಮೇಜಿಗೆ ಬಂತು. ಉತ್ತರ ಕರ್ನಾಟಕದ ಒಂದು ಜಿಲ್ಲೆ ಅನ್ನುವುದರಾಚೆ ಊರಿನ ಗುರುತು ಕೊಡುವುದಿಲ್ಲ. ಕಾನೂನು ಅದಕ್ಕೆ ಬಿಡುವುದೂ ಇಲ್ಲ, ಹುಡುಗಿಯೂ "ನಮ್ಮ ಹೆಸರ ಮಾತ್ರ ಹಾಕಬ್ಯಾಡ್ರಿ" ಎಂದಿದ್ದಾಳೆ. ಸಣ್ಣಪುಟ್ಟ ವಿವರ ಬದಲಿಸಿದ್ದೇನೆ. ಕಲಂಗಳನ್ನು, ದಿನಾಂಕಗಳ ನಡುವಿನ ಅಂತರವನ್ನು ಬದಲಿಸಿಲ್ಲ. ಇಡೀ ಕೇಸು ನಿಂತಿದ್ದೇ ಅದರ ಮೇಲೆ.

ಹಿನ್ನೆಲೆ

2020ರ ಮೇ, ಲಾಕ್‌ಡೌನ್. ಬೆಂಗಳೂರಿಗೆ ದುಡಿಯಲು ಹೋದವರೆಲ್ಲ ಊರಿಗೆ ಮರಳಿದ್ದರು. ಹುಡುಗ ಅವರಲ್ಲೊಬ್ಬ. 21 ವರ್ಷ, ಗೌಂಡಿ ಕೆಲಸ. ಹುಡುಗಿ 9ನೇ ತರಗತಿಗೆ ಶಾಲೆ ಬಿಟ್ಟು ಎರಡು ವರ್ಷವಾಗಿತ್ತು. ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುತ್ತಿದ್ದಳು. ಅವನು ಅವಳ ಸೋದರತ್ತೆಯ ಮಗ. ನಮ್ಮ ಕಡೆ ಇದೇನು ಹೊಸದಲ್ಲ. ತೊಟ್ಟಿಲಲ್ಲಿರುವಾಗಲೇ "ಇಕಿ ನನ್ನ ಸೊಸಿ" ಎಂದು ಅತ್ತೆ ಹೇಳಿಟ್ಟಿರುತ್ತಾಳೆ.

ಅಜ್ಜಿಗೆ ಹುಷಾರಿರಲಿಲ್ಲ. ಕಣ್ಣು ಮುಚ್ಚುವ ಮೊದಲು ಮೊಮ್ಮಗಳ ಮದುವೆ ನೋಡಬೇಕು ಎಂದಳು. ಜನ ಸೇರುವಂತಿಲ್ಲ, ಅಂದರೆ ಖರ್ಚೂ ಇಲ್ಲ. ಹನುಮಪ್ಪನ ಗುಡಿಯಲ್ಲಿ ಹದಿನೈದು ಜನರ ಎದುರು ತಾಳಿ ಕಟ್ಟಿಸಿದರು. ಶಾಲೆಯ ದಾಖಲೆ ಪ್ರಕಾರ ಅವತ್ತಿಗೆ ಅವಳಿಗೆ 16 ವರ್ಷ 11 ತಿಂಗಳು.

ಅವಳನ್ನು ಯಾರಾದರೂ ಕೇಳಿದರಾ? ನಾನು ಕೇಳಿದ್ದೆ. "ಕೇಳಿದ್ರಿ. ನಾ ಹೂಂ ಅಂದೆ. ಬ್ಯಾರೆ ಏನ ಅನ್ನಬೇಕಿತ್ರಿ?" ಎಂದಳು. ಈ ಉತ್ತರದಲ್ಲಿ ಎಷ್ಟು ಒಪ್ಪಿಗೆ ಇದೆ, ಎಷ್ಟು ಇಲ್ಲ ಅನ್ನುವುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಈ ಪ್ರಶ್ನೆಯನ್ನು ಇಲ್ಲಿ ಎತ್ತಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಸುರಿಯಾದಳು. ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಮಾಡಿಸಿದರು. ವಯಸ್ಸಿನ ಜಾಗದಲ್ಲಿ 19 ಎಂದು ಬರೆದರು. ಅತ್ತೆ ಹಾಗೆ ಹೇಳಿದ್ದಳು. ಆಶಾ ಅದೇ ಓಣಿಯವರು, ಹುಡುಗಿ ಶಾಲೆಗೆ ಹೋಗುವುದನ್ನು ನೋಡಿದವರು. ನಿಜ ಬರೆದರೆ ಪೊಲೀಸರಿಗೆ ಹೇಳಬೇಕು. ಹೇಳಿದರೆ ಆ ಮನೆಯವರು ಮತ್ತೆ ಆರೋಗ್ಯ ಕೇಂದ್ರದ ಕಡೆ ತಲೆ ಹಾಕುವುದಿಲ್ಲ, ಹೆರಿಗೆ ಮನೆಯಲ್ಲೇ ಆಗುತ್ತದೆ. ಅವರು 19 ಎಂದು ಬರೆದದ್ದು ಸರಿಯಲ್ಲ. ಆದರೆ ಅದು ದುರುದ್ದೇಶದ ಕೆಲಸವೂ ಅಲ್ಲ.

2021ರ ಫೆಬ್ರುವರಿಯಲ್ಲಿ ಹೆರಿಗೆ. ಬಿಪಿ ಏರಿತು ಎಂದು ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಆಧಾರ್ ಕೇಳಿದರು. ಹುಟ್ಟಿದ ದಿನಾಂಕ 01-06-2003. ಲೆಕ್ಕ ಹಾಕಿದರೆ 17 ವರ್ಷ 8 ತಿಂಗಳು. ತಾಯಿ ಮಗು ಇಬ್ಬರೂ ಉಳಿದರು. ಡ್ಯೂಟಿಯಲ್ಲಿದ್ದ ವೈದ್ಯರು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣದ ವೈದ್ಯಕೀಯ ದಾಖಲೆ) ಬರೆದು ಠಾಣೆಗೆ ತಿಳಿಸಿದರು. ಪೋಕ್ಸೊ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆಯ 19ನೇ ಕಲಂ ಪ್ರಕಾರ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಂ ಪ್ರಕಾರ ಅವರಿಗೇ ಆರು ತಿಂಗಳವರೆಗೆ ಜೈಲಾಗಬಹುದು. ನನಗೆ ಆ ವೈದ್ಯರ ಮೇಲೆ ಸಿಟ್ಟಿಲ್ಲ.

ಮಗು ಹುಟ್ಟಿದ ಮೂರನೇ ದಿನ ಹುಡುಗನ ಬಂಧನವಾಯಿತು. ವಾರ್ಡಿನ ಹೊರಗೆ ಬಾಣಂತಿಗೆ ಗಂಜಿ ಹಿಡಿದುಕೊಂಡು ನಿಂತಿದ್ದ.

ತೊಡಕು ಎಲ್ಲಿತ್ತು

ಇಲ್ಲಿ ಸ್ವಲ್ಪ ಕಾನೂನು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಪೋಕ್ಸೊ 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. 18 ತುಂಬದವರೆಲ್ಲ ಮಕ್ಕಳು. ಮಗುವಿನ ಒಪ್ಪಿಗೆಗೆ ಬೆಲೆ ಇಲ್ಲ. ಲೈಂಗಿಕ ಸಂಪರ್ಕ ನಡೆದಿದ್ದರೆ 4ನೇ ಕಲಂ. ಅದೇ ಕೃತ್ಯ 'ತೀವ್ರ ಸ್ವರೂಪದ್ದು' ಆದರೆ 5 ಮತ್ತು 6ನೇ ಕಲಂ. ಮೊದಲು ಇವಕ್ಕೆ ಕನಿಷ್ಠ ಶಿಕ್ಷೆ 7 ವರ್ಷ ಮತ್ತು 10 ವರ್ಷ ಇತ್ತು. 2019ರ ಆಗಸ್ಟ್ 16ರಿಂದ ಜಾರಿಗೆ ಬಂದ ತಿದ್ದುಪಡಿ ಅದನ್ನು 10 ಮತ್ತು 20ಕ್ಕೆ ಏರಿಸಿತು. 6ನೇ ಕಲಮಿನಲ್ಲಿ 20 ವರ್ಷಕ್ಕಿಂತ ಕಡಿಮೆ ಇಲ್ಲ. ಮೇಲೆ ಹೋದರೆ ಬದುಕಿರುವ ತನಕ ಸೆರೆ, ಅಥವಾ ಮರಣದಂಡನೆ.

ಹಾಗಾದರೆ 'ತೀವ್ರ ಸ್ವರೂಪ' ಅಂದರೆ ಏನು? ಪಟ್ಟಿ ಉದ್ದ ಇದೆ. ಪೊಲೀಸ್ ಠಾಣೆಯಲ್ಲಿ, ಸೈನಿಕರಿಂದ, ಗುಂಪಿನಿಂದ, ಆಯುಧ ತೋರಿಸಿ ನಡೆದ ಕೃತ್ಯಗಳು ಅದರಲ್ಲಿವೆ. ಅವಕ್ಕೆ 20 ವರ್ಷ ಅಂದರೆ ಯಾರೂ ತಕರಾರು ಮಾಡಲಿಕ್ಕಿಲ್ಲ. ಅದೇ ಪಟ್ಟಿಯಲ್ಲಿ ಇನ್ನೂ ಮೂರು ಇವೆ. ಒಂದಕ್ಕಿಂತ ಹೆಚ್ಚು ಸಲ ನಡೆದಿದ್ದರೆ 5(ಎಲ್). ಹುಡುಗಿ ಬಸುರಿಯಾದರೆ 5(ಜೆ). ಆರೋಪಿ ರಕ್ತದಿಂದಲೋ ಮದುವೆಯಿಂದಲೋ ಸಂಬಂಧಿಯಾಗಿದ್ದರೆ, ಅಥವಾ ಒಂದೇ ಮನೆಯಲ್ಲಿ ವಾಸವಿದ್ದರೆ 5(ಎನ್).

ಈಗ ನಮ್ಮ ಹುಡುಗನನ್ನು ನೋಡಿ. ಸೋದರತ್ತೆಯ ಮಗ. ಒಂದೇ ಮನೆ. ಒಂಬತ್ತು ತಿಂಗಳ ಸಂಸಾರ. ಮಗು. ಮೂರೂ ಕಲಂ ತಾವಾಗಿಯೇ ಬಂದು ಕೂತವು. ಬಾಲ್ಯವಿವಾಹ ಯಾವುದೇ ಇರಲಿ, ಗಂಡ ಹೆಂಡತಿಯಾಗಿ ಬಾಳಿದ್ದರೆ 4ನೇ ಕಲಮಿನಲ್ಲಿ ನಿಲ್ಲುವುದೇ ಇಲ್ಲ, ನೇರ 6ಕ್ಕೆ ಜಾರುತ್ತದೆ. ಇದೇ ಮದುವೆ ಇನ್ನೂ ಮೊದಲೇ ಆಗಿ, ಎಲ್ಲ ಆ ತಿದ್ದುಪಡಿಗೆ ಮುಂಚೆಯೇ ಮುಗಿದಿದ್ದರೆ ಕನಿಷ್ಠ 10 ವರ್ಷ. ಆಗ ಹುಡುಗಿ ಇನ್ನೂ ಚಿಕ್ಕವಳಿರುತ್ತಿದ್ದಳು, ಶಿಕ್ಷೆ ಮಾತ್ರ ಅರ್ಧ!

ಮದುವೆಯಾಗಿದೆ ಅನ್ನುವ ರಕ್ಷಣೆಯೂ ಇಲ್ಲ. 18ರ ಒಳಗಿನ ಹೆಂಡತಿಯ ಜೊತೆಗಿನ ಸಂಪರ್ಕವೂ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟ್ 2017ರ ಅಕ್ಟೋಬರ್‌ನಲ್ಲಿ ಹೇಳಿತು. ಕರ್ನಾಟಕದಲ್ಲಂತೂ ರಾಜ್ಯದ ತಿದ್ದುಪಡಿಯಿಂದಾಗಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಮದುವೆಯೇ ಆಗಿಲ್ಲ ಎಂದ ಹಾಗೆ.

ಇದನ್ನೂ ಗಮನಿಸಿ. ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ ಅಪ್ರಾಪ್ತೆಯನ್ನು ಮದುವೆಯಾದವನಿಗೆ, ಮಾಡಿಸಿದವರಿಗೆ ಹೆಚ್ಚೆಂದರೆ 2 ವರ್ಷ. ಅದೇ ಮದುವೆಯ ಸಂಸಾರಕ್ಕೆ ಪೋಕ್ಸೊದಡಿ ಕಡಿಮೆಯೆಂದರೆ 20 ವರ್ಷ. ಎಫ್‌ಐಆರ್‌ನಲ್ಲಿ ಎರಡೂ ಇದ್ದವು. ಚಾರ್ಜ್‌ಶೀಟ್ ಬರುವ ಹೊತ್ತಿಗೆ ಹಿರಿಯರ ಹೆಸರು ಆರೋಪಿಗಳ ಪಟ್ಟಿಯಿಂದ ಮಾಯವಾಗಿ ಸಾಕ್ಷಿಗಳ ಪಟ್ಟಿಗೆ ಬಂದಿದ್ದವು. ಮದುವೆ ಮಾಡಿಸಿದವರು ಸಾಕ್ಷಿ, ಮಾಡಿಕೊಂಡವನು ಆರೋಪಿ. ತನಿಖಾಧಿಕಾರಿಯನ್ನು ಕೇಳಿದರೆ, "ನಮ್ಮ ಕೈಯಲ್ಲಿ ಏನೈತ್ರಿ ಸರ, ಕಲಂ ಏನ್ ಹೇಳ್ತದೋ ಅದನ್ನ ಹಾಕೇವಿ" ಎಂದರು.

ಆ ಮಾತು ಪೂರ್ತಿ ನಿಜವಲ್ಲ. ಯಾರನ್ನು ಆರೋಪಿ ಮಾಡಬೇಕು, ಯಾರನ್ನು ಸಾಕ್ಷಿ ಮಾಡಬೇಕು ಅನ್ನುವುದನ್ನು ಅವರೇ ತೀರ್ಮಾನಿಸಿದ್ದರು. ಆಶಾ ವಯಸ್ಸು ಬರೆಯುವಾಗ ಒಂದು ತೀರ್ಮಾನ ಮಾಡಿದ್ದರು. ಈ ಪ್ರಕರಣ ನನಗೆ ಕಲಿಸಿದ್ದು ಮುಖ್ಯವಾಗಿ ಇದನ್ನೇ. ಕನಿಷ್ಠ ಶಿಕ್ಷೆ ಬಂದ ಮೇಲೆ ವಿವೇಚನೆ ಇಲ್ಲವಾಗುವುದಿಲ್ಲ. ನ್ಯಾಯಾಧೀಶರ ಕೈಯಿಂದ ಜಾರಿ ಕೆಳಗಿನವರ ಕೈಗೆ ಬರುತ್ತದೆ. ನ್ಯಾಯಾಧೀಶರು ಕಾರಣ ಬರೆಯಬೇಕು, ತಪ್ಪಿದರೆ ಮೇಲ್ಮನವಿ ಇರುತ್ತದೆ. ಕೆಳಗಿನವರು ಕಾರಣ ಬರೆಯುವುದಿಲ್ಲ.

ಏನೇನು ಮಾಡಿ ನೋಡಿದೆವು

ಮೊದಲು ಜಾಮೀನು. ವಿಶೇಷ ನ್ಯಾಯಾಲಯ ಕೊಡಲಿಲ್ಲ. ಹೈಕೋರ್ಟ್ ಐದು ತಿಂಗಳ ನಂತರ ಕೊಟ್ಟಿತು. ಅಷ್ಟು ದಿನ ಹುಡುಗಿ ಮತ್ತು ಕೂಸು ಎಲ್ಲಿದ್ದರು? ಮಕ್ಕಳ ಕಲ್ಯಾಣ ಸಮಿತಿ ಅವಳನ್ನು ಬಾಲಮಂದಿರಕ್ಕೆ ಕಳಿಸಿತ್ತು. ದಾಖಲೆ ಪ್ರಕಾರ 18 ತುಂಬಿದ ದಿನ, 2021ರ ಜೂನ್ 1ರಂದು, ಹೊರಗೆ ಬಂದಳು. ಬಂದವಳು ತವರಿಗೆ ಹೋಗಲಿಲ್ಲ, ಅತ್ತೆ ಮನೆಗೆ ಹೋದಳು.

ಮ್ಯಾಜಿಸ್ಟ್ರೇಟರ ಮುಂದೆ, ದಂಡ ಪ್ರಕ್ರಿಯಾ ಸಂಹಿತೆಯ 164ನೇ ಕಲಮಿನಡಿ ಕೊಟ್ಟ ಹೇಳಿಕೆಯಲ್ಲಿ ಅವಳು ಎಲ್ಲ ಹೇಳಿದ್ದಳು. ಗುಡಿಯಲ್ಲಿ ಮದುವೆಯಾಯಿತು, ಅವರು ನಮ್ಮ ಮನೆಯವರು, ನನಗೇನೂ ತ್ರಾಸು ಕೊಟ್ಟಿಲ್ಲ, ಅವರನ್ನು ಬಿಟ್ಟುಬಿಡಿ. ಗಂಡನನ್ನು ಉಳಿಸಲು ಹೇಳಿದ ಪ್ರತಿ ವಾಕ್ಯವೂ ಅವನ ವಿರುದ್ಧದ ಸಾಕ್ಷ್ಯವಾಗಿತ್ತು. ಮಗುವಿನ ಡಿಎನ್‌ಎ ವರದಿ ಕೂಡ ಬಂತು.

ಮುಂದೆ ನಾಲ್ಕು ದಾರಿ ಕಾಣುತ್ತಿದ್ದವು.

ತಪ್ಪೊಪ್ಪಿಕೊಂಡು ಕರುಣೆ ಕೇಳುವುದು ಮೊದಲನೆಯದು. ಬೇರೆ ಕೇಸಿನಲ್ಲಾದರೆ ಯೋಚಿಸಬಹುದು. ಇಲ್ಲಿ ಒಪ್ಪಿಕೊಂಡರೂ 20, ಐದು ವರ್ಷ ಹೋರಾಡಿ ಸೋತರೂ 20. 7 ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಕ್ಕೆ ಚೌಕಾಸಿ ಮನವಿಯ, ಅಂದರೆ ತಪ್ಪೊಪ್ಪಿಕೊಂಡು ಶಿಕ್ಷೆ ಇಳಿಸಿಕೊಳ್ಳುವ ಒಪ್ಪಂದದ ಅವಕಾಶವೂ ಇಲ್ಲ. 1958ರ ಪರಿವೀಕ್ಷಣಾ ಕಾಯ್ದೆಯಡಿ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿ ಬಿಡುವುದುಂಟಲ್ಲ, ಅದು ಜೀವಾವಧಿ ತನಕ ಶಿಕ್ಷೆ ಇರುವ ಅಪರಾಧಕ್ಕೆ ಅನ್ವಯಿಸುವುದಿಲ್ಲ.

ಎರಡನೆಯದು ಕೋರ್ಟಿನ ಪಡಸಾಲೆಯಲ್ಲಿ ಎಲ್ಲರೂ ಹೇಳುವ ದಾರಿ. "ಹುಡುಗಿ ಹಾಸ್ಟೈಲ್ ಆಗಲಿ ಬಿಡ್ರಿ ವಕೀಲರೆ, ಮುಗೀತು." ಅಂದರೆ ಅವಳು ಕಟಕಟೆಯಲ್ಲಿ ನಿಂತು, ಇವನು ಯಾರೋ ಗೊತ್ತಿಲ್ಲ, ಪೊಲೀಸರು ಹೇಳಿದಂತೆ ಹೇಳಿದ್ದೆ ಎನ್ನಬೇಕು. ಇದು ಬರೀ ನಮ್ಮ ಜಿಲ್ಲೆಯ ಮಾತಲ್ಲ. ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ 2022ರಲ್ಲಿ ಅಸ್ಸಾಂ, ಮಹಾರಾಷ್ಟ್ರ, ಪಶ್ಚಿಮ ಬಂಗಾಳದ 7,064 ಪೋಕ್ಸೊ ತೀರ್ಪುಗಳನ್ನು ಓದಿ ಒಂದು ಅಧ್ಯಯನ ಪ್ರಕಟಿಸಿತು. ಅದರಲ್ಲಿ 1,715 ಪ್ರಕರಣ ಪ್ರೀತಿ ಪ್ರೇಮದ್ದು, ಹೆಚ್ಚು ಕಡಿಮೆ ನಾಲ್ಕರಲ್ಲಿ ಒಂದು. ಅವುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಖುಲಾಸೆ. ಹೀಗೆ ಹೊರಬಂದವರಲ್ಲಿ ಎಷ್ಟೋ ಜನರ ಹಿಂದೆ ಒಬ್ಬ ಹುಡುಗಿ ಹೇಳಿಕೆ ಬದಲಿಸಿ ನಿಂತಿರುತ್ತಾಳೆ.

ನಾನು ಅವಳಿಗೆ ಸುಳ್ಳು ಹೇಳು ಎನ್ನಲಿಲ್ಲ. ವಕೀಲನಾಗಿ ಎನ್ನುವಂತಿಲ್ಲ. ಆದರೆ ಮನೆಯವರು ಹೇಳಿಕೊಟ್ಟಿದ್ದರು, ಅದು ನನಗೆ ಗೊತ್ತಿತ್ತು. ಸುಮ್ಮನಿದ್ದೆ. ಹೀಗೆ ಸುಮ್ಮನಿದ್ದದ್ದೂ ಒಂದು ತೀರ್ಮಾನವೇ ಅಲ್ವಾ?

ಮೂರನೆಯದು, ಇಡೀ ಪ್ರಕರಣ ರದ್ದು ಮಾಡಿ ಎಂದು ಹೈಕೋರ್ಟಿಗೆ ದಂಡ ಪ್ರಕ್ರಿಯಾ ಸಂಹಿತೆಯ 482ನೇ ಕಲಮಿನಡಿ ಅರ್ಜಿ. ಇಬ್ಬರೂ ಮದುವೆಯಾಗಿ ಮಗು ಇರುವ ಕೆಲವು ಪ್ರಕರಣಗಳನ್ನು ನಮ್ಮ ಹೈಕೋರ್ಟ್ ರದ್ದು ಮಾಡಿದ್ದು ನನಗೆ ಗೊತ್ತಿತ್ತು. ಆದರೂ ತಡ ಮಾಡಿದೆ. ಹೆಂಗೂ ಹುಡುಗಿ ಪರವಾಗಿದ್ದಾಳೆ, ವಿಚಾರಣೆಯಲ್ಲೇ ಬಿದ್ದುಹೋಗುತ್ತದೆ ಎಂದುಕೊಂಡೆ. ಮನೆಯವರ ಹತ್ತಿರ ದುಡ್ಡೂ ಇರಲಿಲ್ಲ, ನಾನೂ ಬೆನ್ನು ಹತ್ತಲಿಲ್ಲ. ಅಷ್ಟರಲ್ಲಿ ಸಾಕ್ಷಿ ವಿಚಾರಣೆ ಶುರುವಾಯಿತು. ಈ ಪ್ರಕರಣದಲ್ಲಿ ನನ್ನ ಅತಿ ದೊಡ್ಡ ತಪ್ಪು ಇದು. ಮುಂದೆ ಆ ದಾರಿಯೂ ಕಿರಿದಾಗುತ್ತ ಹೋಯಿತು. ರಾಜಿಯಾಗಿದೆ ಅನ್ನುವ ಒಂದೇ ಕಾರಣಕ್ಕೆ ಪೋಕ್ಸೊ ಪ್ರಕರಣ ರದ್ದು ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿತು. ಅದು ಶಿಕ್ಷಕನ ಮೇಲಿನ ಪ್ರಕರಣ, ಅಲ್ಲಿ ಆ ಮಾತು ಸರಿಯೇ ಇತ್ತು.

ನಾಲ್ಕನೆಯದು ವಯಸ್ಸು.

ಜೂನ್ 1

ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಜೂನ್ 1ರ ಗುಟ್ಟು ಬಿಡಿಸಿ ಹೇಳಬೇಕಿಲ್ಲ. ಅಪ್ಪ ಮಗುವನ್ನು ಕರೆದುಕೊಂಡು ಬರುತ್ತಾನೆ. ಹುಟ್ಟಿದ ದಿನ ಗೊತ್ತಿಲ್ಲ. ಮೇಷ್ಟ್ರು ಮಗುವನ್ನು ಒಮ್ಮೆ ನೋಡುತ್ತಾರೆ, ಶಾಲೆ ಶುರುವಾಗುವ ದಿನಕ್ಕೆ ಸರಿಯಾಗಿ 6 ತುಂಬುವಂತೆ ಒಂದು ದಿನಾಂಕ ಬರೆಯುತ್ತಾರೆ. ಅದೇ ಮುಂದೆ ಟಿಸಿಗೆ, ಟಿಸಿಯಿಂದ ಆಧಾರ್‌ಗೆ, ಆಧಾರ್‌ನಿಂದ ಎಂಎಲ್‌ಸಿಗೆ, ಎಂಎಲ್‌ಸಿಯಿಂದ ಎಫ್‌ಐಆರ್‌ಗೆ ಹೋಗುತ್ತದೆ. ಪ್ರತಿ ಮೆಟ್ಟಿಲಲ್ಲೂ ಒಂದೊಂದು ಸೀಲು ಬೀಳುತ್ತದೆ. ಕೊನೆಗೆ ಮೇಷ್ಟ್ರ ಅಂದಾಜು ಸರ್ಕಾರಿ ಸತ್ಯವಾಗುತ್ತದೆ.

ಸಂತ್ರಸ್ತೆಯ ವಯಸ್ಸಿಗೂ ಬಾಲನ್ಯಾಯ ಕಾಯ್ದೆಯ 94ನೇ ಕಲಮಿನ ಕ್ರಮವನ್ನೇ ಅನುಸರಿಸುತ್ತಾರೆ. ಮೊದಲು ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿಯಂಥ ಪರೀಕ್ಷೆಯ ಪ್ರಮಾಣಪತ್ರ. ಅದಿಲ್ಲದಿದ್ದರೆ ಪಂಚಾಯಿತಿಯೋ ಪುರಸಭೆಯೋ ಕೊಟ್ಟ ಜನನ ಪತ್ರ. ಅದೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ. ನಮ್ಮ ಹುಡುಗಿ 10ನೇ ತರಗತಿ ಬರೆದಿರಲಿಲ್ಲ. ಮನೆಯಲ್ಲಿ ಹುಟ್ಟಿದವಳು, ಜನನ ನೋಂದಣಿ ಇರಲಿಲ್ಲ. ಎಲುಬಿನ ಪರೀಕ್ಷೆಯನ್ನು ಪೊಲೀಸರು ಮಾಡಿಸಲಿಲ್ಲ. ಟಿಸಿ ಇದೆಯಲ್ಲ, ಸಾಕು ಎಂದರು.

ಮುಖ್ಯ ಶಿಕ್ಷಕರು ದಾಖಲಾತಿ ವಹಿ ಹಿಡಿದು ಸಾಕ್ಷಿ ಹೇಳಲು ಬಂದರು. ಪಾಟಿ ಸವಾಲಿನಲ್ಲಿ ಆ ವರ್ಷ 1ನೇ ತರಗತಿಗೆ ಸೇರಿದವರ ಪುಟ ತೆರೆಸಿದೆ. 31 ಮಕ್ಕಳು. ಎಷ್ಟು ಜನರ ಹುಟ್ಟಿದ ದಿನ ಜೂನ್ 1 ಎಂದು ಎಣಿಸಲು ಹೇಳಿದೆ. ಅವರು ಬೆರಳಿಟ್ಟು ಎಣಿಸಿದರು. 14. ಕೋರ್ಟಿನಲ್ಲಿ ಕೂತವರು ನಕ್ಕರು. ನ್ಯಾಯಾಧೀಶರೂ ಸ್ವಲ್ಪ ನಕ್ಕರು ಅನ್ನಿಸಿತು. ಯಾವ ಆಧಾರದ ಮೇಲೆ ಬರೆದರು ಎಂದರೆ, "ನಾ ಆವಾಗ ಇರಲಿಲ್ಲ ಸರ" ಎಂದರು.

ಹುಡುಗಿಯ ತಾಯಿಯನ್ನು ಕೇಳಿದೆ. "ಜಾತ್ರಿ ಮುಂದ ಹುಟ್ಟ್ಯಾಳ್ರಿ. ಯಾವ ವರ್ಷ ಅಂತ ನನಗೇನ್ ಗೊತ್ತ್ರಿ."

ಕಟಕಟೆಯಲ್ಲಿ ಹುಡುಗಿ

ಪ್ರಕರಣ ತಿರುಗಿದ್ದು 2022ರ ಆಗಸ್ಟ್‌ನಲ್ಲಿ. ಅವತ್ತು ಹುಡುಗಿಯ ಸಾಕ್ಷಿ. ಮನೆಯವರು ಹೇಳಿಕೊಟ್ಟದ್ದು ಸರಳ ಇತ್ತು. "ಗೊತ್ತಿಲ್ಲ" ಅನ್ನು. ಅವಳು ಕೂಸನ್ನು ಅತ್ತೆಯ ಕೈಗೆ ಕೊಟ್ಟು ಒಳಗೆ ಹೋದಳು. ಪೋಕ್ಸೊದಲ್ಲಿ ಬಾಗಿಲು ಮುಚ್ಚಿ ಸಾಕ್ಷಿ ಕೇಳುತ್ತಾರೆ. ಪಿಪಿ (ಸರ್ಕಾರಿ ವಕೀಲ) ಸಾಹೇಬರು ಆರೋಪಿಯನ್ನು ತೋರಿಸಿ ಕೇಳಿದರು. ಅವಳು ತಲೆ ಎತ್ತಿ, "ಇವ್ರು ನಮ್ಮ ಮನಿಯವ್ರು ರೀ" ಎಂದಳು.

ಅಲ್ಲಿಂದ ಹಿಂದಕ್ಕೆ ಬರಲು ಆಗಲಿಲ್ಲ. ಮದುವೆ, ಸಂಸಾರ, ಮಗು ಎಲ್ಲ ಹೇಳಿದಳು. ಆಗ ನಿನಗೆ ಎಷ್ಟು ವಯಸ್ಸು ಎಂದರೆ, "ಹದಿನೇಳ ಇರಬೇಕ್ರಿ" ಎಂದಳು. ಯಾಕೆ ಹೀಗೆ ಹೇಳಿದೆ ಎಂದು ಆಮೇಲೆ ಅತ್ತೆ ಬೈದಳಂತೆ. "ಅವರನ್ನ ಗೊತ್ತಿಲ್ಲ ಅಂತ ಹೆಂಗ ಹೇಳ್ಲಿ? ಹಂಗಾದ್ರ ಈ ಕೂಸು ಯಾರದು?" ಎಂದು ನನ್ನನ್ನೇ ಕೇಳಿದಳು.

ಅದೇ ತಿಂಗಳು ಅದೇ ಕೋರ್ಟಿನಲ್ಲಿ ಇನ್ನೊಂದು ಪ್ರಕರಣ ಮುಗಿಯಿತು. ಆರೋಪಿಗೆ ನಲವತ್ತರ ಹತ್ತಿರ, ಮದುವೆಯಾಗಿ ಮಕ್ಕಳಿದ್ದವನು. ಹುಡುಗಿಗೆ 15. ಅಲ್ಲಿ ಹುಡುಗಿ, ತಾಯಿ, ಪಂಚರು ಎಲ್ಲರೂ ಹಾಸ್ಟೈಲ್. "ಇಪ್ಪತ್ತು ವರ್ಷ ಒಳಗ ಹೋದ್ರ ಅವನ ಹೆಂಡ್ತಿ ಮಕ್ಳು ಬೀದಿಗೆ ಬರ್ತಾರ" ಎಂದು ಊರ ಹಿರಿಯರು ಕೂತು ಬಗೆಹರಿಸಿದ್ದರು ಎಂಬ ಮಾತು ಕೇಳಿಬಂತು. ಶಿಕ್ಷೆ 5 ವರ್ಷದ್ದಾಗಿದ್ದರೆ ಆ ಒತ್ತಡ ಬರುತ್ತಿರಲಿಲ್ಲ ಎಂದು ನಾನು ಹೇಳಲಾರೆ. ಆದರೆ ಶಿಕ್ಷೆ ದೊಡ್ಡದಾದಷ್ಟೂ ಅದನ್ನು ತಪ್ಪಿಸಲು ಹಾಕುವ ಬಲವೂ ದೊಡ್ಡದಾಗುತ್ತದೆ, ಆ ಬಲ ಬೀಳುವುದು ಹುಡುಗಿಯ ಮೇಲೆ. ಇದನ್ನು ನಾನು ಒಂದಲ್ಲ, ಹಲವು ಫೈಲುಗಳಲ್ಲಿ ನೋಡಿದ್ದೇನೆ. ಅವನು ಮನೆಗೆ ಹೋದ. ನಮ್ಮವನು ಹೋಗಲಿಲ್ಲ.

ಶಿಕ್ಷೆಯ ದಿನ

2023ರ ಮಾರ್ಚ್. ದೋಷಿ ಎಂದು ಬೆಳಗ್ಗೆ ಹೇಳಿದರು. ಟಿಸಿ ಮತ್ತು ಹುಡುಗಿಯ ಮಾತು, ಎರಡೂ ಸೇರಿ ವಯಸ್ಸು ಸಾಬೀತಾಗಿದೆ ಎಂದರು. ಮಧ್ಯಾಹ್ನ ಶಿಕ್ಷೆಯ ಪ್ರಮಾಣದ ಬಗ್ಗೆ ವಿಚಾರಣೆ.

ದಂಡ ಪ್ರಕ್ರಿಯಾ ಸಂಹಿತೆಯ 235ನೇ ಕಲಮಿನಲ್ಲಿ ಒಂದು ಒಳ್ಳೆಯ ನಿಯಮ ಇತ್ತು. ದೋಷಿ ಎಂದ ಮೇಲೆ ಶಿಕ್ಷೆ ಎಷ್ಟು ಅನ್ನುವ ಬಗ್ಗೆ ಆರೋಪಿಯ ಮಾತು ಬೇರೆಯಾಗಿ ಕೇಳಬೇಕು. ಅವನ ವಯಸ್ಸು, ಮನೆ, ಹಿಂದಿನ ನಡತೆ, ಸಂತ್ರಸ್ತೆಗೆ ಆದ ನೋವು, ಎಲ್ಲ ತೂಗುವ ಜಾಗ ಅದು. ನಾನು ಹುಡುಗಿಯ ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆ) ತಂದಿದ್ದೆ. ಎರಡು ವರ್ಷದ ಮಗಳು ಬಾಗಿಲ ಹತ್ತಿರ ಬಿಸ್ಕತ್ತು ತಿನ್ನುತ್ತ ಕೂತಿದ್ದಳು. ನ್ಯಾಯಾಧೀಶರು ಎಲ್ಲ ಓದಿದರು. ಕನ್ನಡಕ ತೆಗೆದಿಟ್ಟು, "ವಕೀಲರೆ, ನನಗೆ ಯಾವುದಾದರೂ ಅವಕಾಶ ಇದ್ದರೆ ತೋರಿಸಿ" ಎಂದರು. ವ್ಯಂಗ್ಯ ಇರಲಿಲ್ಲ, ನಿಜವಾಗಿಯೇ ಕೇಳಿದರು. ನನ್ನ ಹತ್ತಿರ ತೋರಿಸಲು ಏನೂ ಇರಲಿಲ್ಲ. ಹತ್ತು ನಿಮಿಷದಲ್ಲಿ ಮುಗಿಯಿತು. 20 ವರ್ಷ ಕಠಿಣ ಸೆರೆ, ಮೇಲೆ ದಂಡ.

ಕೊನೆಯ ಪ್ಯಾರಾದಲ್ಲಿ ಸಂತ್ರಸ್ತೆಗೆ ಪರಿಹಾರ ಕೊಡಲು ಆದೇಶ ಇತ್ತು. ನಾನು ಅದನ್ನು ಅವಳಿಗೆ ಬಿಡಿಸಿ ಹೇಳಿದೆ. "ಅವರನ್ನ ಒಳಗ ಹಾಕಿ ನನಗ ರೊಕ್ಕ ಕೊಡ್ತಾರೇನ್ರಿ?" ಎಂದಳು.

ಇಲ್ಲಿ ಒಂದು ಹಳೆಯ ವಿಷಯ ಹೇಳಲೇಬೇಕು. ಅತ್ಯಾಚಾರಕ್ಕೆ ಕನಿಷ್ಠ 7 ವರ್ಷ ಅನ್ನುವುದು ಭಾರತೀಯ ದಂಡ ಸಂಹಿತೆಗೆ ಬಂದದ್ದು 1983ರಲ್ಲಿ. ಆಗ ಜೊತೆಗೆ ಒಂದು ಕಿಟಕಿ ಇಟ್ಟಿದ್ದರು. 'ಸೂಕ್ತ ಮತ್ತು ವಿಶೇಷ ಕಾರಣ' ಇದ್ದರೆ ಅದನ್ನು ತೀರ್ಪಿನಲ್ಲಿ ಬರೆದು ನ್ಯಾಯಾಧೀಶರು ಕಡಿಮೆ ಶಿಕ್ಷೆ ಕೊಡಬಹುದಿತ್ತು. 2013ರಲ್ಲಿ ಆ ಕಿಟಕಿ ಮುಚ್ಚಿದರು. ಮುಚ್ಚಿದ್ದಕ್ಕೆ ಕಾರಣ ಇತ್ತು. ಆರೋಪಿ ಚಿಕ್ಕವನು, ಮನೆಗೆ ಆಧಾರ, ರಾಜಿಯಾಗಿದೆ ಎಂದೆಲ್ಲ ಬರೆದು ನಿಜವಾದ ಅತ್ಯಾಚಾರಿಗಳಿಗೂ ಶಿಕ್ಷೆ ಇಳಿಸಿದ ತೀರ್ಪುಗಳಿದ್ದವು. ಹೆಣ್ಣುಮಕ್ಕಳ ಪರ ಹೋರಾಡಿದವರು ನ್ಯಾಯಾಧೀಶರನ್ನು ನಂಬದೇ ಹೋದದ್ದು ಸುಮ್ಸುಮ್ನೆ ಅಲ್ಲ. ನಾನು ಈ ಮಾತನ್ನು ಒಪ್ಪುತ್ತೇನೆ. ಆದರೆ ಪೋಕ್ಸೊ ಕಾಯ್ದೆಯಲ್ಲಿ ಆ ಕಿಟಕಿ ಯಾವತ್ತೂ ಇರಲೇ ಇಲ್ಲ. ಅಲ್ಲಿ 17ರ ಹೆಂಡತಿ ಮತ್ತು 7ರ ಮಗು ಒಂದೇ ಪಟ್ಟಿಯಲ್ಲಿ ಬಂದರು.

ಮತ್ತೆ ಆ ಪ್ರಶ್ನೆಗೆ ಬರುತ್ತೇನೆ. ಅವಳ 'ಹೂಂ'ನಲ್ಲಿ ಒಪ್ಪಿಗೆ ಎಷ್ಟಿತ್ತು? ಎರಡು ವರ್ಷದ ವಿಚಾರಣೆಯಲ್ಲಿ ಇದನ್ನು ಯಾರೂ ಕೇಳಲಿಲ್ಲ. ಪಿಪಿಗೆ ಬೇಕಿರಲಿಲ್ಲ, ಒಪ್ಪಿಗೆ ಲೆಕ್ಕಕ್ಕಿಲ್ಲ. ನನಗೂ ಬೇಕಿರಲಿಲ್ಲ, ಉತ್ತರ ಏನೇ ಬಂದರೂ ಶಿಕ್ಷೆ ಬದಲಾಗುವುದಿಲ್ಲ. ಅವಳಿಗೆ ಆ ಮನೆಯಲ್ಲಿ ಭಯ ಇತ್ತಾ, ಶಾಲೆಗೆ ಮರಳುವ ಆಸೆ ಇತ್ತಾ, ಹದಿನೇಳಕ್ಕೆ ಹೆತ್ತದ್ದು ಅವಳ ಮೈಗೆ ಏನು ಮಾಡಿತು? ಮಕ್ಕಳ ರಕ್ಷಣೆಯ ಕಾಯ್ದೆಯ ಕೋರ್ಟಿನಲ್ಲಿ ಕೇಳಬೇಕಿದ್ದ ಪ್ರಶ್ನೆಗಳು ಇವೇ ಆಗಿದ್ದವು.

ಮೇಲ್ಮನವಿ

ಹೈಕೋರ್ಟಿಗೆ ಹೋದೆವು. ಶಿಕ್ಷೆ ಅಮಾನತಿನಲ್ಲಿಟ್ಟು ಜಾಮೀನು ಸಿಗಲು 14 ತಿಂಗಳು ಬೇಕಾಯಿತು. ಮೊದಲಿನ ಐದು ಸೇರಿ ಒಟ್ಟು 19 ತಿಂಗಳು ಒಳಗಿದ್ದ.

ಅವನು ಒಳಗಿದ್ದಾಗಲೇ, 2023ರ ಜುಲೈನಲ್ಲಿ, ತಮಿಳುನಾಡಿನ ಒಂದು ಪೋಕ್ಸೊ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಶಾಲೆಯ ಟಿಸಿ ಮತ್ತು ದಾಖಲಾತಿ ವಹಿಯ ನಕಲು 94ನೇ ಕಲಂ ಕೇಳುವ ದಾಖಲೆಗಳಲ್ಲ ಎಂದಿತು. ಅದನ್ನು ಓದಿ ನಾನು ಎದ್ದು ನಿಂತೆ. ಜೂನ್ 1ರ ಪಾಟಿ ಸವಾಲನ್ನು ನಾನೇ ಅಷ್ಟೇನೂ ನೆಚ್ಚಿಕೊಂಡಿರಲಿಲ್ಲ. ಈಗ ನಮ್ಮ ಮೇಲ್ಮನವಿ ನಿಂತದ್ದೇ ಅದರ ಮೇಲೆ.

ಕಾನೂನು ಬದಲಾಗಬೇಕು ಅನ್ನುವ ಮಾತೂ ಅಷ್ಟರಲ್ಲಿ ಕೇಳಿಬರತೊಡಗಿತ್ತು. 2022ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ, 16 ದಾಟಿದ ಹುಡುಗಿಯರು ಪ್ರೀತಿಸಿ ಓಡಿಹೋಗುವ ಪ್ರಕರಣಗಳನ್ನು ಉಲ್ಲೇಖಿಸಿ, ವಯಸ್ಸಿನ ಮಿತಿಯನ್ನು ಮತ್ತೆ ಯೋಚಿಸಬೇಕು ಎಂದು ಕಾನೂನು ಆಯೋಗಕ್ಕೆ ಹೇಳಿತ್ತು. ಆಗ ಆಯೋಗದ ಅಧ್ಯಕ್ಷರು ರಿತುರಾಜ್ ಅವಸ್ಥಿ, ಅದಕ್ಕೂ ಮೊದಲು ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. 2023ರ ಸೆಪ್ಟೆಂಬರ್‌ನ 283ನೇ ವರದಿಯಲ್ಲಿ ಆಯೋಗ 18ನ್ನು ಇಳಿಸುವುದು ಬೇಡ ಎಂದಿತು. ಆದರೆ 16ರಿಂದ 18ರ ನಡುವಿನವರ ಮೌನ ಸಮ್ಮತಿ ಇರುವ ಪ್ರಕರಣಗಳಲ್ಲಿ ಕನಿಷ್ಠಕ್ಕಿಂತ ಕಡಿಮೆ ಶಿಕ್ಷೆ ಕೊಡಲು ನ್ಯಾಯಾಧೀಶರಿಗೆ ಕೆಲವು ಅಳತೆಗೋಲು ಇಟ್ಟು ಅವಕಾಶ ಕೊಡಿ ಎಂದಿತು. ನನಗಂತೂ ಇದು ಸರಿ ಕಾಣುತ್ತದೆ. ವಯಸ್ಸು ಇಳಿಸಿದರೆ 16ಕ್ಕೆ ತಾಳಿ ಕಟ್ಟಿಸಲು ಕಾಯುತ್ತಿರುವ ಅಜ್ಜಿಯರಿಗೆ ಧೈರ್ಯ ಬರುತ್ತದೆ.

ಇನ್ನೊಂದು, 2025ರ ಮೇ. ಪಶ್ಚಿಮ ಬಂಗಾಳದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಾನೇ ಎತ್ತಿಹಿಡಿದಿದ್ದ 6ನೇ ಕಲಮಿನ ದೋಷನಿರ್ಣಯಕ್ಕೆ ಶಿಕ್ಷೆಯನ್ನೇ ವಿಧಿಸಲಿಲ್ಲ. ಪೂರ್ಣ ನ್ಯಾಯ ಒದಗಿಸಲು ತನಗೆ ವಿಶೇಷ ಅಧಿಕಾರ ಕೊಡುವ ಸಂವಿಧಾನದ 142ನೇ ವಿಧಿ ಬಳಸಿತು. ಆ ಹುಡುಗಿಗೆ ಆ ಕೃತ್ಯಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಅದರ ನಂತರದ ಪೊಲೀಸು, ಕೋರ್ಟು, ಗಂಡನನ್ನು ಬಿಡಿಸಿಕೊಳ್ಳುವ ಅಲೆದಾಟ ಎಂಬುದು ಅಲ್ಲಿ ದಾಖಲಾಯಿತು. ಆದರೆ 142 ಇರುವುದು ದೆಹಲಿಯ ಆ ಒಂದು ಕೋರ್ಟಿನ ಕೈಯಲ್ಲಿ ಮಾತ್ರ. ಅವಕಾಶ ಇದ್ದರೆ ತೋರಿಸಿ ಎಂದ ನಮ್ಮ ಜಿಲ್ಲೆಯ ನ್ಯಾಯಾಧೀಶರ ಕೈಯಲ್ಲಿ ಅಲ್ಲ.

ನಮ್ಮ ಮೇಲ್ಮನವಿ 2025ರ ಕೊನೆಗೆ ತೀರ್ಮಾನವಾಯಿತು. ವಯಸ್ಸು ಕಾನೂನಿನ ಪ್ರಕಾರ ಸಾಬೀತಾಗಿಲ್ಲ, ಹುಡುಗಿಯ ಅಂದಾಜು ಸಾಕ್ಷ್ಯವಾಗದು. ಖುಲಾಸೆ. ಅವಳು ಅಲ್ಲೇ ಅತ್ತಳು. ಅವನಿಗೆ ಆದೇಶ ಅರ್ಥವಾಗಲಿಲ್ಲ. "ನಾ ತಪ್ಪ ಮಾಡಿಲ್ಲ ಅಂತ ಹೇಳಿದ್ರೇನ್ರಿ?" ಎಂದು ಕೇಳಿದ. ಇಲ್ಲಪ್ಪ, ನಿನ್ನ ಹೆಂಡತಿಗೆ ಎಷ್ಟು ವಯಸ್ಸು ಅಂತ ಗೊತ್ತಾಗಲಿಲ್ಲ ಅಂದರು, ಎಂದೆ.

ಈಗ ನಮ್ಮಲ್ಲಿ ಏನು ಬದಲಾಗಿದೆ

ಇಂಥ ಫೈಲು ಬಂದರೆ ಈಗ ನಾನು ಮೊದಲ ವಾರದಲ್ಲೇ ದಾಖಲಾತಿ ವಹಿಯ ಇಡೀ ಪುಟದ ದೃಢೀಕೃತ ನಕಲು ಕೇಳುತ್ತೇನೆ, ಬರೀ ಒಂದು ಸಾಲಿನದಲ್ಲ. ಸಂಸಾರ ಶುರುವಾದ ದಿನವನ್ನು 2019ರ ಆಗಸ್ಟ್ 16ರ ಪಕ್ಕದಲ್ಲಿಟ್ಟು ನೋಡುತ್ತೇನೆ. ಹೈಕೋರ್ಟಿಗೆ ಹೋಗುವುದಿದ್ದರೆ ಸಾಕ್ಷಿ ವಿಚಾರಣೆ ಶುರುವಾಗುವ ಮೊದಲೇ ಹೋಗುತ್ತೇನೆ. ಮತ್ತು ಹುಡುಗಿಯನ್ನು ಬೇರೆ ಕೂರಿಸಿ, ಗಂಡನ ಮನೆಯವರು ಯಾರೂ ಇಲ್ಲದಾಗ ಮಾತಾಡುವಂತೆ ಒಬ್ಬ ಮಹಿಳಾ ಕಾನೂನು ಸ್ವಯಂಸೇವಕಿಯನ್ನು ಕೇಳುತ್ತೇನೆ. ಆ ಮಾತು ನನ್ನ ಕಕ್ಷಿದಾರನಿಗೆ ಉಪಯೋಗಕ್ಕೆ ಬರದೇ ಇರಬಹುದು. ಆದರೂ ಯಾರಾದರೂ ಕೇಳಲಿ ಎಂದು.

ಕಳೆದ ತಿಂಗಳು ಇನ್ನೊಂದು ಪ್ರಕರಣದ ಕುಟುಂಬ ಹುಡುಕಿಕೊಂಡು ಬಂದಿತ್ತು. ಆರೋಪಿಗೆ 43. ಹುಡುಗಿ ಪಕ್ಕದ ಮನೆಯವಳು. ಅವಳು ಹಾಸ್ಟೈಲ್ ಆಗಿಲ್ಲ, ಹೆದರದೆ ಎಲ್ಲ ಹೇಳಿದ್ದಾಳೆ. ಅವಳದೂ ಎಸ್‌ಎಸ್‌ಎಲ್‌ಸಿ ಇಲ್ಲ, ಜನನ ಪತ್ರ ಇಲ್ಲ, ಟಿಸಿ ಮಾತ್ರ. ಹುಟ್ಟಿದ ದಿನ ಜೂನ್ 1. ಆ ಫೈಲು ನಾನು ತೆಗೆದುಕೊಳ್ಳಲಿಲ್ಲ. ಬೇರೆ ವಕೀಲರು ತೆಗೆದುಕೊಂಡಿದ್ದಾರೆ. ಮುಖ್ಯ ಶಿಕ್ಷಕರಿಗೆ ನಾನು ಕೇಳಿದ್ದ ಪ್ರಶ್ನೆಗಳ ಪಟ್ಟಿ ಬೇಕೆಂದು ಫೋನ್ ಮಾಡಿದ್ದರು. ಕೊಟ್ಟೆ.